ಊರಿನ ಸುದ್ದಿ ಓದುವವಳು

ಮಂಗಳೂರಿನ ಕೇಬಲ್ ಚಾನೆಲ್‌ನಲ್ಲಿ ಸುದ್ದಿ ಓದುತ್ತೇನೆ. ಬೇಸಿಗೆಯಲ್ಲಿ ಜನ ಮೊದಲು ಕೇಳುವುದು ಊರಿಗೆ ನೀರು ಕೊಡುವ ತುಂಬೆ ಅಣೆಕಟ್ಟಿನ ನೀರಿನ ಮಟ್ಟ. ಮೀನು ಮಾರುಕಟ್ಟೆಯಲ್ಲೂ ತಡೆದು, ‘ಅಕ್ಕ, ನಮ್ಮಲ್ಲಿಗೆ ನೀರು ಯಾವಾಗ ಬರ್ತದೆ?’ ಎನ್ನುತ್ತಾರೆ. ಗೊತ್ತಿಲ್ಲದಿದ್ದರೆ ವರದಿಗಾರನಿಗೆ ಅಲ್ಲಿಂದಲೇ ಫೋನ್ ಮಾಡುತ್ತೇನೆ.

2010ರ ಮೇ 22ರಂದು ದುಬೈಯಿಂದ ನಮ್ಮೂರಿಗೆ ಬಂದ ವಿಮಾನ ರನ್‌ವೇ ದಾಟಿ ಕಣಿವೆಗೆ ಉರುಳಿತು. 158 ಜನ ತೀರಿಕೊಂಡರು. ಬದುಕಿದವರು 8 ಮಂದಿ. ದೇಶಕ್ಕೆ ಅದು ದೊಡ್ಡ ಸುದ್ದಿ. ನಮಗೆ ನೆರೆಮನೆಯ ಸಾವು. ಮೃತರ ಪಟ್ಟಿಯನ್ನು ವೇಗವಾಗಿ ಮುಗಿಸಲು ಮನಸ್ಸಾಗಲಿಲ್ಲ. ಬ್ಯಾರಿ, ಕೊಂಕಣಿ, ತುಳು ಮನೆಗಳ ಒಂದೊಂದು ಹೆಸರನ್ನೂ ಅವರವರ ಮನೆಯಲ್ಲಿ ಕರೆಯುವ ಉಚ್ಚಾರಣೆಯಲ್ಲೇ ಓದಿದೆ.

ಸಂಜೆ ಶಾಲಾ ವಾರ್ಷಿಕೋತ್ಸವ, ರಕ್ತದಾನ ಶಿಬಿರಗಳ ನಿರೂಪಣೆಗೂ ಕರೆಯುತ್ತಾರೆ. ಹೋಗುತ್ತೇನೆ. ಮರುದಿನದ ಅರ್ಧ ಸುದ್ದಿ ಅಲ್ಲೇ ಸಿಗುತ್ತದೆ.