ಅಂಜಿಕೆಯ ಆಚೆಗಿರುವ ಆನಂದ

ಅಥಣಿ ತಾಲ್ಲೂಕಿನ ಐಗಳಿಯಿಂದ ವಿದ್ಯಾರ್ಥಿನಿಯೊಬ್ಬಳು ಬೆಂಗಳೂರಿನ ಪ್ರಯೋಗಶಾಲೆಯೊಂದಕ್ಕೆ ಸಂಶೋಧನೆಗೆಂದು ಹೋದಳೆನ್ನೋಣ. ಪರೀಕ್ಷೆಗಳನ್ನೆಲ್ಲ ಮೇಲ್ದರ್ಜೆಯಲ್ಲಿ ಮುಗಿಸಿದವಳು ಅವಳು. ಆದರೂ ಮೊದಲ ತಿಂಗಳಲ್ಲಿಯೇ ಅವಳ ಎದೆ ಅಳುಕುತ್ತದೆ: ‘ನನಗೇನೂ ತಿಳಿಯದು, ಇದು ಉಳಿದವರಿಗೆ ಗೊತ್ತಾದರೆ ಗತಿಯೇನು?’

ಈ ಅಂಜಿಕೆಯ ಮೂಲ ನಮ್ಮ ಅಭ್ಯಾಸದಲ್ಲಿಯೇ ಇದೆ. ಶಾಲೆಯಲ್ಲಿ ಪ್ರತಿ ಪ್ರಶ್ನೆಗೂ ಉತ್ತರ ಮೊದಲೇ ಸಿದ್ಧವಾಗಿರುತ್ತದೆ. ತಿಳಿಯದಿರುವುದು ಅಲ್ಲಿ ತಪ್ಪು. ಸಂಶೋಧನೆಯಾದರೋ ಪುಸ್ತಕ ಮುಗಿದಲ್ಲಿ ಮೊದಲಾಗುತ್ತದೆ. ಅಲ್ಲಿ ಗುರುವಿಗೂ ಉತ್ತರ ತಿಳಿಯದು. ತಿಳಿಯದೆಂಬ ಅರಿವೇ ಅಲ್ಲಿಯ ಮೊದಲ ಬಂಡವಾಳ.

ಹೊರಗಿನವರೇ ‘ನೀನು ಯೋಗ್ಯಳಲ್ಲ’ ಎಂದರೆ? 1933ರಲ್ಲಿ ಕಮಲಾ ಭಾಗವತ್ ಎಂಬ ತರುಣಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರವೇಶ ಬೇಡಿದರು. ಆಗ ನಿರ್ದೇಶಕರಾಗಿದ್ದ ಸರ್ ಸಿ. ವಿ. ರಾಮನ್‌ರು, ಹೆಣ್ಣೆಂಬ ಕಾರಣಕ್ಕೆ ನಿರಾಕರಿಸಿದರು. ಕಮಲಾ ಹಿಂದಿರುಗಲಿಲ್ಲ, ಸತ್ಯಾಗ್ರಹಕ್ಕೆ ನಿಂತರು. ಕೊನೆಗೆ ಒಂದು ವರ್ಷದ ಮಟ್ಟಿಗೆ, ಪರೀಕ್ಷಾರ್ಥವಾಗಿ ಅನುಮತಿ ದೊರೆಯಿತು. ಕೆಲಸ ಮೆಚ್ಚುಗೆಯಾದರೆ ಮಾತ್ರ ಅದಕ್ಕೆ ಮನ್ನಣೆ! ಇಂಥ ಕತ್ತಿಯ ಕೆಳಗೆ ಯಾರ ಕೈ ತಾನೇ ನಡುಗದು?

ಅವರು ವಾದ ಬೆಳೆಸಲಿಲ್ಲ, ಕೆಲಸ ಬೆಳೆಸಿದರು. ಎಂ. ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಹಾಲು ಹಾಗೂ ಬೇಳೆಕಾಳುಗಳ ಪ್ರೋಟೀನುಗಳನ್ನು ಅಭ್ಯಸಿಸಿದರು. ನಮ್ಮ ಐಗಳಿಯ ಅಡುಗೆಮನೆಯಲ್ಲಿಯೂ ಇರುವ ವಸ್ತುಗಳೇ ಅವು! ವರ್ಷ ತುಂಬಿದಾಗ ನಿರ್ದೇಶಕರ ಸಂದೇಹ ತೀರಿತು. ಬಳಿಕ ಸಂಸ್ಥೆ ಬೇರೆ ವಿದ್ಯಾರ್ಥಿನಿಯರನ್ನೂ ಬರಮಾಡಿಕೊಂಡಿತು.

ಮುಂದೆ ಕೇಂಬ್ರಿಜ್‌ನಲ್ಲಿ ರಾಬಿನ್ ಹಿಲ್‌ರೊಡನೆ ಅವರು ಬಟಾಟೆಯನ್ನು ಕೈಗೆತ್ತಿಕೊಂಡರು. ಚೀಲದಲ್ಲಿ ನಿಶ್ಚಲವಾಗಿ ಬಿದ್ದಿರುವ ಬಟಾಟೆಯೂ ಉಸಿರಾಡುತ್ತಿರುತ್ತದೆ. ಆ ಕ್ರಿಯೆಯಲ್ಲಿ ಇಲೆಕ್ಟ್ರಾನುಗಳನ್ನು ಕೈಯಿಂದ ಕೈಗೆ ದಾಟಿಸುವ, ಕಬ್ಬಿಣವುಳ್ಳ ಪ್ರೋಟೀನೊಂದಿದೆ. ಅದೇ ಸೈಟೊಕ್ರೋಮ್ ಸಿ. ಇಲೆಕ್ಟ್ರಾನನ್ನು ಹೊತ್ತಿರುವಾಗ ಅದರ ಮೂಲಕ ಹಾಯ್ದ ಬೆಳಕನ್ನು ರೋಹಿತದರ್ಶಕದಲ್ಲಿ ನೋಡಿದರೆ, ಹಸಿರು ಭಾಗದಲ್ಲಿ, 550 ನ್ಯಾನೊಮೀಟರಿನ ಬಳಿ, ಕಪ್ಪು ಪಟ್ಟೆಯೊಂದು ಕಾಣುತ್ತದೆ. ಪ್ರಾಣಿಗಳ ಜೀವಕೋಶಗಳಲ್ಲಿ ಕಂಡುಬಂದ ಈ ಏರ್ಪಾಡು ಸಸ್ಯಗಳಲ್ಲಿಯೂ ಇದೆಯೆಂದು ತೋರಿಸಿಕೊಟ್ಟವರಲ್ಲಿ ಕಮಲಾ ಒಬ್ಬರು. 1939ರಲ್ಲಿ ಅವರಿಗೆ ಡಾಕ್ಟರೇಟ್ ದೊರೆಯಿತು. ಮುಂದೆ ಲೋಕ ಅವರನ್ನು ಕಮಲಾ ಸೊಹೊನಿ ಎಂದು ಅರಿಯಿತು.

ಬಟಾಟೆಯ ತುಣುಕಿಗೂ ಮನುಷ್ಯನ ಹೃದಯಕ್ಕೂ ಉಸಿರಿನ ನಂಟುಂಟೆಂದು ಕಾಣುವುದಕ್ಕಿಂತ ದೊಡ್ಡ ಸಂತೋಷವೇನಿದೆ? ಅಂಜಿಕೆ ಹೋದ ಮೇಲೆ ಕೆಲಸಕ್ಕೆ ಕೈಹಾಕುತ್ತೇವೆಂದು ಕಾಯುವವರಿಗೆ ಈ ಸಂತೋಷ ಸಿಕ್ಕದು. ಪ್ರಯೋಗ ಕೆಟ್ಟರೆ ಕೆಟ್ಟದ್ದು ಪ್ರಯೋಗ, ನಾವಲ್ಲ. ಹೇಗೆ ಕೆಟ್ಟಿತೆಂದು ಬರೆದಿಡೋಣ, ತಿಳಿಯದ್ದನ್ನು ನಾಚದೆ ಕೇಳೋಣ, ನಾಳೆ ಮತ್ತೆ ಮಾಡೋಣ. ಕುತೂಹಲ ಬೆಳೆದಂತೆ ಅಂಜಿಕೆಗೆ ಮನಸ್ಸಿನಲ್ಲಿ ಜಾಗವೇ ಕಡಿಮೆಯಾಗುತ್ತ ಹೋಗುತ್ತದೆ.