ಮುತ್ತಜ್ಜಿಯ ಹೆಸರು ಯಾವ ಕಡತದಲ್ಲಿದೆ?

ನಾಡಕಚೇರಿ ಕೊಡುವ ವಂಶವೃಕ್ಷ ಪೌತಿ ಖಾತೆಗೋ ಬ್ಯಾಂಕಿನ ಕೆಲಸಕ್ಕೋ ಸಾಕು. ಅಫಿಡವಿಟ್ಟು ಕೊಟ್ಟು, ಗ್ರಾಮ ಆಡಳಿತಾಧಿಕಾರಿಯ ಮಹಜರು ಮುಗಿದರೆ ಕೈಗೆ ಬರುತ್ತದೆ. ಆದರೆ ಅದರಲ್ಲಿರುವುದು ನಮಗೆ ಮೊದಲೇ ಗೊತ್ತಿರುವ ಎರಡು ಮೂರು ತಲೆಮಾರು. ಅವರಿಗೂ ಹಿಂದಿನವರನ್ನು ಹುಡುಕಲು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೇ ಹೋಗಬೇಕು.

ಗುಬ್ಬಿಯಾಗಲಿ ಕುಣಿಗಲ್ಲಾಗಲಿ, ದಾರಿ ಒಂದೇ. ಇಂದಿನ ಪಹಣಿಯ ಹತ್ತನೇ ಕಾಲಂನಲ್ಲಿರುವ ಎಂ.ಆರ್. (ಮ್ಯುಟೇಷನ್ ರಿಜಿಸ್ಟರ್) ನಂಬರು ಹಿಡಿದು ಮ್ಯುಟೇಷನ್ ಪುಸ್ತಕಕ್ಕೆ, ಅಲ್ಲಿಂದ ಕೈಬರಹದ ಪಹಣಿಗೆ, ಐ.ಎಲ್. (ಇಂಡೆಕ್ಸ್ ಆಫ್ ಲ್ಯಾಂಡ್ಸ್), ಆರ್.ಆರ್. (ರೆಕಾರ್ಡ್ ಆಫ್ ರೈಟ್ಸ್) ಪುಸ್ತಕಗಳಿಗೆ ಇಳಿಯುತ್ತಾ ಹೋದರೆ ಶಾನುಭೋಗರ ಕಾಲದ ಬರಹ ಸಿಗುತ್ತದೆ. ‘ರಂಗಯ್ಯ ಬಿನ್ ಸಣ್ಣತಿಮ್ಮಯ್ಯ’ ಎಂಬ ಒಂದು ಸಾಲಿನಲ್ಲಿ ಎರಡು ತಲೆಮಾರು. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ನಮ್ಮ ಕಡೆ ಒಂದೇ ಊರಲ್ಲಿ ಹಲವು ರಂಗಯ್ಯಂದಿರು. ಸರ್ವೆ ನಂಬರು, ಚಕ್ಕುಬಂದಿ ತಾಳೆ ನೋಡದೆ ಯಾರನ್ನೂ ಮುತ್ತಜ್ಜನೆಂದು ಒಪ್ಪಬಾರದು.

ಸ್ವಂತ ಹಿಡುವಳಿ ಇಲ್ಲದವರ ಮನೆತನ ಬೇರೆ ಕಡತಗಳಲ್ಲಿದೆ. ಗೇಣಿಗೆ ಉಳುತ್ತಿದ್ದವರು 1974ರ ಭೂಸುಧಾರಣೆಯ ಬಳಿಕ ಭೂನ್ಯಾಯಮಂಡಳಿಗೆ ಕೊಟ್ಟ ಫಾರಂ 7 ನೋಡಿ. ತೋಟಿ, ತಳವಾರ, ನೀರಗಂಟಿಗಳ ಇನಾಂ ಜಮೀನನ್ನು 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಡಿ ಅವರಿಗೇ ಮರುಮಂಜೂರು ಮಾಡಿದ ಕಡತಗಳನ್ನಂತೂ ಬಿಡಲೇಬೇಡಿ. ತುಮಕೂರಿಗೆ ಬಂದು ಸಿದ್ಧಗಂಗಾ ಮಠದಲ್ಲಿ ಉಂಡು ಓದಿದ ತಾತನಾದರೆ, ಅವರು ಕಲಿತ ಶಾಲೆಯ ದಾಖಲಾತಿ ಪುಸ್ತಕದಲ್ಲಿ ತಂದೆಯ ಹೆಸರು, ಊರು ಸಿಗಬಹುದು.

ಇಷ್ಟೆಲ್ಲ ಹುಡುಕಿದರೂ ಅಮ್ಮಂದಿರು ಕಾಣುವುದಿಲ್ಲ. ಖಾತೆ ಅಪ್ಪನಿಂದ ಮಗನಿಗೆ ಹೋಗುತ್ತಿತ್ತು. ಹೆತ್ತವಳ ಹೆಸರು ಬರುತ್ತಿದ್ದುದು ಹೆಚ್ಚಾಗಿ ಅವಳು ವಿಧವೆಯಾದ ಮೇಲೆ, ‘ಲಕ್ಷ್ಮಮ್ಮ ಕೋಂ ಲೇಟ್ ರಂಗಯ್ಯ’ ಎಂದು. ಇದು ನೋವಿನ ಸಂಗತಿ, ಆದರೆ ಕೈಚೆಲ್ಲಬೇಕಿಲ್ಲ. ಮೈಸೂರು ಸಂಸ್ಥಾನ 1933ರಲ್ಲೇ ಕಾಯ್ದೆ ತಂದು ಮನೆ ಪಾಲಾಗುವಾಗ ತಾಯಿ, ವಿಧವೆ, ಮದುವೆಯಾಗದ ಹೆಣ್ಣುಮಕ್ಕಳಿಗೂ ಭಾಗ ಕೊಟ್ಟಿತು. ಹಾಗಾಗಿ ಆಮೇಲಿನ ಪಾಲುಪಾರೀಕತ್ತುಗಳ ನಕಲನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ತೆಗೆಸಿ. ಯಾವ ಪಹಣಿಯಲ್ಲೂ ಇಲ್ಲದ ಅಜ್ಜಿ ಅಲ್ಲಿ ಸಿಕ್ಕಾಳು.

ತಾಯಿಯ ಕಡೆಯವರನ್ನು ಬರೆದಿಡುವುದು ಈ ಸೀಮೆಗೆ ಹೊಸದಲ್ಲ. ಗುಬ್ಬಿ ತಾಲ್ಲೂಕಿನ ಕಡಬದ ತಾಮ್ರಶಾಸನ ರಾಷ್ಟ್ರಕೂಟ ಮೂರನೇ ಗೋವಿಂದನ ಕಾಲದ್ದು, ಶಕವರ್ಷ 735ರದ್ದು. ಅದರಲ್ಲಿ ಕುಣಿಗಲ್ ನಾಡಿನ ವಿಮಲಾದಿತ್ಯನ ತಂದೆ ಯಶೋವರ್ಮ, ತಾತ ಬಲವರ್ಮ ಮಾತ್ರವಲ್ಲ, ಸೋದರಮಾವ ಚಾಕಿರಾಜನೂ ಇದ್ದಾನೆ. ಬಿ.ಎಲ್. ರೈಸ್ ಅವರು 1904ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12ನೇ ಸಂಪುಟ ಇಡೀ ತುಮಕೂರು ಜಿಲ್ಲೆಯದು. ನಿಮ್ಮೂರಿನ ವೀರಗಲ್ಲು, ಮಾಸ್ತಿಕಲ್ಲಿನ ಬರಹ ಅದರಲ್ಲಿದೆಯೇ ನೋಡಿ.

ಯಾವ ಊರಿಂದ ವಲಸೆ ಬಂದೆವು ಎಂಬುದನ್ನು ಪಹಣಿ ಹೇಳದು. ಅದಕ್ಕೆ ಮನೆದೇವರ ಗುಡಿಗೆ ಹೋಗಿ ಒಕ್ಕಲುಗಳನ್ನು ವಿಚಾರಿಸಬೇಕು. ಎತ್ತೇರಿ ಬಂದು ಕುಲದ ಹಿರಿಯರನ್ನು ಹೊಗಳಿ, ಕಾಳುಕಡ್ಡಿ ಪಡೆದು ಹೋಗುತ್ತಿದ್ದ ಹೆಳವರು ಇದನ್ನೇ ಬಾಯಲ್ಲಿಟ್ಟುಕೊಂಡು ಬದುಕಿದವರು. ನಿಮ್ಮ ಮನೆಗೆ ಈಗಲೂ ಹೆಳವರು ಬರುವುದಾದರೆ ಬರಿಗೈಲಿ ಕಳಿಸಬೇಡಿ, ಅವರು ಹೇಳಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ.

ಈ ಸಲ ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವಾಗ ಮನೆಯ ಅತ್ತೆ, ದೊಡ್ಡಮ್ಮಂದಿರನ್ನು ಕೂರಿಸಿಕೊಂಡು ಕೇಳಿ. ಪ್ರತಿ ಹೆಣ್ಣಿನ ಹೆಸರಿನ ಮುಂದೆ ಅವಳ ತವರೂರನ್ನೂ ಬರೆದುಕೊಳ್ಳಿ. ರೆಕಾರ್ಡ್ ರೂಮಿಗೆ ಆಮೇಲೆ ಹೋಗಬಹುದು.