ಡಬ್ಬದ ಮೇಲಿನ ಪದ, ಗಾಳಿಯಲ್ಲಿನ ಲೆಕ್ಕ



ಕಳೆದ ಸಭೆ ಮುಗಿದು ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ, ಆಲಸನತ್ತಂನಲ್ಲಿ ಬಾಡಿಗೆ ರೂಮಿನಲ್ಲಿರುವ ಹುಡುಗನೊಬ್ಬ ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದ. ಬಣ್ಣ ಹೊಡೆಯುವ ಶೆಡ್ಡಿನಲ್ಲಿ ಅವನು ದಿನಾ ಬಳಸುವ ಥಿನ್ನರ್ ಡಬ್ಬದ ಲೇಬಲ್. ಡಬ್ಬದ ಮೇಲೆ ಇಂಗ್ಲಿಷ್, ಗೋಡೆಯ ಬೋರ್ಡಿನಲ್ಲಿ ತಮಿಳು. ಅವನು ಓದಿದ್ದು ತಳಿ ಕಡೆಯ ಕನ್ನಡ ಶಾಲೆಯಲ್ಲಿ. ತಮಿಳು ಸರಾಗವಾಗಿ ಮಾತಾಡುತ್ತಾನೆ, ಓದಲು ಹೋದರೆ ತಡವರಿಸುತ್ತಾನೆ. "ಇದರಲ್ಲಿ ವಾರ್ನಿಂಗ್ ಅಂತ ಇಲ್ಲ ಸಾರ್, ಬರೀ ಡೇಂಜರ್ ಅಂತಿದೆ. ಪರವಾಗಿಲ್ಲ ಅಲ್ವಾ?" ಎಂದು ಕೇಳಿದ.

ಪರವಾಗಿಲ್ಲ ಎನ್ನಲು ನಮಗೆ ಬಾಯಿ ಬರಲಿಲ್ಲ. 2003ರಲ್ಲಿ ವಿಶ್ವಸಂಸ್ಥೆ ಪ್ರಕಟಿಸಿದ ಲೇಬಲ್ ಪದ್ಧತಿಯಲ್ಲಿ ಈ ಎರಡು ಪದಗಳಿಗೆ ಮೇಲು ಕೆಳಗು ಉಂಟು. ಡೇಂಜರ್ ಎಂದರೆ ಹೆಚ್ಚು ಕೆಟ್ಟದ್ದು, ವಾರ್ನಿಂಗ್ ಎಂದರೆ ಅದಕ್ಕಿಂತ ಕಡಿಮೆ. ಹುಡುಗ ಇದನ್ನು ತಲೆಕೆಳಗಾಗಿ ತಿಳಿದಿದ್ದ. ಅವನನ್ನು ದೂರುವಂತಿಲ್ಲ, ನಮ್ಮಲ್ಲೂ ಇಬ್ಬರು ಹಾಗೇ ತಿಳಿದಿದ್ದರು.

ಇಂಥ ಮೋಸದ ಪದಗಳು ಇನ್ನೂ ಇವೆ. ಫ್ಲ್ಯಾಮಬಲ್ ಎಂದರೂ ಇನ್‌ಫ್ಲ್ಯಾಮಬಲ್ ಎಂದರೂ ಒಂದೇ: ಬೆಂಕಿ ಹತ್ತುವಂಥದ್ದು. ಎರಡನೆಯದನ್ನು 'ಹತ್ತದ್ದು' ಎಂದು ಓದಿದರೆ ಕಥೆ ಮುಗಿಯಿತು. ಅಕ್ಯೂಟ್ ಎಂಬ ಪದವನ್ನು ಆಸ್ಪತ್ರೆಯ ಕನ್ನಡದಲ್ಲಿ 'ತೀವ್ರ' ಎನ್ನುತ್ತಾರೆ. ಲೇಬಲ್ಲಿನಲ್ಲಿ ಅದು ಒಂದೇ ಸಲ ಅಥವಾ ಸ್ವಲ್ಪ ಹೊತ್ತು ತಗುಲಿದ್ದಕ್ಕೆ ಬೇಗ ಕಾಣುವ ತೊಂದರೆ. ಕ್ರಾನಿಕ್ ಎಂದರೆ ತಿಂಗಳು, ವರ್ಷಗಟ್ಟಲೆ ತಗುಲಿ ನಿಧಾನವಾಗಿ ಬರುವುದು; ನಿಧಾನ ಎಂದ ಮಾತ್ರಕ್ಕೆ ಸಣ್ಣದಲ್ಲ. ಇನ್ನು ಹಜಾರ್ಡ್, ರಿಸ್ಕ್ ಎರಡಕ್ಕೂ ನಾವು 'ಅಪಾಯ' ಎಂದುಬಿಡುತ್ತೇವೆ. ಊರಲ್ಲಿ ಕಟ್ಟೆಯಿಲ್ಲದ ಬಾವಿ ಇರುವುದು ಹಜಾರ್ಡ್. ಕತ್ತಲಲ್ಲಿ ಅದರ ಪಕ್ಕದಲ್ಲೇ ದಿನಾ ನಡೆದುಹೋಗುವುದು ರಿಸ್ಕ್. ಡಬ್ಬದ ಲೇಬಲ್ ಬಾವಿಯ ಸುದ್ದಿಯನ್ನಷ್ಟೇ ಹೇಳುತ್ತದೆ. ನಡೆಯುವ ದಾರಿಯನ್ನು ನಾವೇ ನೋಡಿಕೊಳ್ಳಬೇಕು.

ಆ ದಾರಿಯ ಲೆಕ್ಕಕ್ಕೇ ಮಿತಿಗಳಿರುವುದು. 1984ರ ಡಿಸೆಂಬರಿನಲ್ಲಿ ಭೋಪಾಲದ ದುರಂತ ನಡೆಯಿತು. ಅದಾದ ಮೇಲೆ 1987ರಲ್ಲಿ 1948ರ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ಕೆಲಸದ ಜಾಗದ ಗಾಳಿಯಲ್ಲಿ ಯಾವ ರಾಸಾಯನಿಕ ಎಷ್ಟಿರಬಹುದು ಎಂಬ ಪಟ್ಟಿಯನ್ನು ಸೇರಿಸಿದರು. ಅಳತೆ ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು. ಉದ್ದ, ಅಗಲ, ಎತ್ತರ ಮೂರೂ 10 ಮೀಟರ್ ಇರುವ ಶೆಡ್ಡಿನಲ್ಲಿ ಒಂದು ಲೀಟರ್ ಅನಿಲ ಬೆರೆತರೆ 1 ಪಿಪಿಎಂ. ಭೋಪಾಲದಲ್ಲಿ ಸೋರಿದ ಮೀಥೈಲ್ ಐಸೊಸಯನೇಟಿಗೆ ಪಟ್ಟಿ ಕೊಟ್ಟ ಮಿತಿ ಬರೀ 0.02 ಪಿಪಿಎಂ.

ಥಿನ್ನರಿನಲ್ಲಿ ಸಾಮಾನ್ಯವಾಗಿ ಇರುವ ಟಾಲ್ಯೂಯಿನ್‌ಗೆ ಅದೇ ಪಟ್ಟಿಯಲ್ಲಿ ಎರಡು ಅಂಕಿಗಳಿವೆ. 8 ಗಂಟೆಯ ಸರಾಸರಿ 100 ಪಿಪಿಎಂ. ಇದನ್ನು ಟಿಡಬ್ಲ್ಯುಎ ಎನ್ನುತ್ತಾರೆ. 15 ನಿಮಿಷದ ಮಿತಿ 150 ಪಿಪಿಎಂ, ಇದು ಎಸ್‌ಟಿಇಎಲ್. ಈ 15 ನಿಮಿಷದ ಏರಿಕೆ ದಿನಕ್ಕೆ ನಾಲ್ಕು ಸಲ ಮೀರಬಾರದು, ನಡುವೆ ಒಂದೊಂದು ಗಂಟೆಯಾದರೂ ಬಿಡುವಿರಬೇಕು.

ಒಂದು ಲೆಕ್ಕ ಹಾಕೋಣ. ಹುಡುಗ 7 ಗಂಟೆ 80 ಪಿಪಿಎಂ ಗಾಳಿಯಲ್ಲಿ ಕೆಲಸ ಮಾಡಿದ. ನಾಲ್ಕು ಸಲ, ಒಂದೊಂದು ಸಲ 15 ನಿಮಿಷದಂತೆ, ಗನ್ ತೊಳೆಯುವಾಗ 140 ಇತ್ತು. 560ಕ್ಕೆ 140 ಕೂಡಿಸಿ 8ರಿಂದ ಭಾಗಿಸಿದರೆ 87.5. ಮಿತಿಯ ಒಳಗೇ ಇದೆ. ಈಗ ಅದೇ ಹುಡುಗ ಓಟಿ ಸೇರಿಸಿ 12 ಗಂಟೆ ನಿಂತ. 11 ಗಂಟೆ 80, ಒಂದು ಗಂಟೆ 140; ಒಟ್ಟು 1020. ಇದನ್ನೂ 8ರಿಂದಲೇ ಭಾಗಿಸಬೇಕು, ಏಕೆಂದರೆ ಮಿತಿ ಕಟ್ಟಿರುವುದು 8 ಗಂಟೆಯ ಡ್ಯೂಟಿಗೆ. ಬರುವುದು 127.5. ಗಾಳಿ ಬದಲಾಗಿಲ್ಲ, ಮೀಟರ್ ತೋರಿಸುವುದೂ ಅದೇ, ಆದರೂ ಮಿತಿ ದಾಟಿತು.

ಅಷ್ಟಕ್ಕೇ ನಿಲ್ಲುವುದಿಲ್ಲ. ಡ್ಯೂಟಿ ಉದ್ದವಾದಷ್ಟೂ ಮೈ ಹೀರಿದ್ದನ್ನು ಹೊರಹಾಕಲು ಸಿಗುವ ಹೊತ್ತು ಕಡಿಮೆ, 16 ಗಂಟೆಯಿದ್ದದ್ದು 12ಕ್ಕೆ ಇಳಿಯುತ್ತದೆ. ಅದನ್ನೂ ಸೇರಿಸಿ 1975ರಲ್ಲಿ ಬ್ರೀಫ್ ಮತ್ತು ಸ್ಕಾಲಾ ಎಂಬ ಇಬ್ಬರು ಸೂಚಿಸಿದ ಲೆಕ್ಕದಂತೆ, 12 ಗಂಟೆಯ ಡ್ಯೂಟಿಗೆ ಮಿತಿಯನ್ನೇ ಅರ್ಧ ಮಾಡಬೇಕು: 100 ಇದ್ದದ್ದು 50. ನಮ್ಮ ಕಾಯ್ದೆಯ ಪಟ್ಟಿಯಲ್ಲಿ ಈ ಮಾತಿಲ್ಲ. ಓಟಿ ಹಣದ ಆಸೆ ನಮ್ಮ ಮಕ್ಕಳಿಗೆ ಇರುವುದು ಸಹಜ, ಮನೆ ಬಾಡಿಗೆ ಕಟ್ಟಬೇಕಲ್ಲ! ಆದರೂ ಈ ಅರ್ಧದ ಲೆಕ್ಕ ಅವರ ಕಿವಿಗೆ ಬಿದ್ದಿರಲಿ.

ಮಿತಿಯೊಳಗಿದ್ದರೆ ಏನೂ ಆಗದು ಎಂಬ ಭರವಸೆಯೂ ಬೇಡ. ಅಮೆರಿಕದ ಕೈಗಾರಿಕಾ ಆರೋಗ್ಯ ತಜ್ಞರ ಸಂಸ್ಥೆ ಎಸಿಜಿಐಎಚ್ ಇದೇ ಟಾಲ್ಯೂಯಿನ್‌ಗೆ ಸೂಚಿಸುವುದು 20 ಪಿಪಿಎಂ. ಪಟ್ಟಿಯಲ್ಲಿ ಹೆಸರಿನ ಪಕ್ಕ 'ಸ್ಕಿನ್' ಎಂದಿದ್ದರೆ ಆ ವಸ್ತು ಚರ್ಮದ ಮೂಲಕವೂ ಒಳಹೋಗುತ್ತದೆ, ಗಾಳಿಯ ಲೆಕ್ಕವೊಂದೇ ಸಾಲದು. ಸೆನ್ಸಿಟೈಸರ್ ಎಂದಿದ್ದರೆ, ಮೈಗೆ ಒಮ್ಮೆ ಒಗ್ಗದಂತಾದ ಮೇಲೆ ತೀರಾ ಕಡಿಮೆ ಪ್ರಮಾಣಕ್ಕೂ ಉಬ್ಬಸ ಅಥವಾ ತುರಿಕೆ ಬರಬಹುದು. ಎರಡು ಡಬ್ಬ ಬೆರೆಸಿ ಹೊಡೆಯುವ ಪೇಂಟಿನ ಹಾರ್ಡನರ್‌ನಲ್ಲಿ ಇರುವ ಐಸೊಸಯನೇಟುಗಳು ಈ ಜಾತಿಯವು.

"ವಾಸನೆ ಬಂದರೆ ಗೊತ್ತಾಗುತ್ತೆ" ಎನ್ನುವವರಿಗೆ ಒಂದು ಮಾತು. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ. ಕೊಳಚೆ ಗುಂಡಿಯ ಹೈಡ್ರೋಜನ್ ಸಲ್ಫೈಡಿಗೆ ಕೊಳೆತ ಮೊಟ್ಟೆಯ ನಾತ; ಅದಕ್ಕೆ ಮಿತಿ 10 ಪಿಪಿಎಂ. 100ರ ಆಸುಪಾಸಿನಲ್ಲಿ ಅದು ಮೂಗನ್ನೇ ಮರಗಟ್ಟಿಸುತ್ತದೆ. ನಾತ ನಿಂತಿತೆಂದು ಒಳಗಿಳಿದವರು ಮೇಲೆ ಬರದೇ ಹೋಗುವುದು ಹೀಗೆ.

ಇನ್ನು ಭಾಷೆಯ ಮಾತು. ಕಾರ್ಖಾನೆ ಕಾಯ್ದೆಯ 108ನೇ ಕಲಮು, ಸೂಚನೆಗಳು ಇಂಗ್ಲಿಷಿನಲ್ಲೂ ಹೆಚ್ಚಿನ ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲೂ ಇರಬೇಕು ಎಂದಿತು. ಹೊಸೂರಿನ ಶೆಡ್ಡಿನಲ್ಲಿ ಆ ಹೆಚ್ಚಿನವರಲ್ಲಿ ನಾವು ಸೇರದಿರಬಹುದು. ಬೋರ್ಡನ್ನು ಕನ್ನಡದಲ್ಲೂ ಹಾಕಿ ಎಂದು ಆ ಕಲಮಿನ ಬಲದಿಂದ ಪಟ್ಟು ಹಿಡಿಯಲಾಗದು. ಆದರೆ ತನ್ನ ಆರೋಗ್ಯ, ಸುರಕ್ಷತೆಯ ಮಾಹಿತಿಯನ್ನು ಕೇಳಿ ಪಡೆಯುವ ಹಕ್ಕು 111ಎ ಕಲಮಿನಲ್ಲಿ ಒಬ್ಬೊಬ್ಬ ಕಾರ್ಮಿಕನಿಗೂ ಇತ್ತು. ಆ ಕಾಯ್ದೆಯನ್ನು ತನ್ನೊಳಗೆ ಸೇರಿಸಿಕೊಂಡ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲೂ ಆ ಹಕ್ಕು ಉಳಿದಿದೆ. ಕೇಳಬೇಕಾದದ್ದು ಸೇಫ್ಟಿ ಡೇಟಾ ಶೀಟ್. ಅದರಲ್ಲಿ 16 ಭಾಗಗಳು. ಎಲ್ಲ ಓದಲಾಗದಿದ್ದರೆ ಮೂರನ್ನು ನೋಡಿ: 2ರಲ್ಲಿ ಏನು ಕೆಡುಕು, 4ರಲ್ಲಿ ಪ್ರಥಮ ಚಿಕಿತ್ಸೆ, 8ರಲ್ಲಿ ಗಾಳಿಯ ಮಿತಿ ಮತ್ತು ಯಾವ ಮಾಸ್ಕ್, ಯಾವ ಗ್ಲೌಸ್.

ಮುಂದಿನ ಸಭೆಗೆ ಬರುವಾಗ ನಿಮ್ಮ ಅಥವಾ ನಿಮ್ಮ ಮಕ್ಕಳ ಕೆಲಸದ ಜಾಗದ ಡಬ್ಬದ ಲೇಬಲ್ಲನ್ನು, ಅನುಮತಿ ಇದ್ದರೆ, ಫೋಟೋ ತೆಗೆದು ತನ್ನಿ. ಕಂಪನಿಯ ಹೆಸರು ಬೇಡ, ವಸ್ತುವಿನ ಹೆಸರು ಸಾಕು. ಕುಳಿತು ಕನ್ನಡದಲ್ಲಿ ಓದೋಣ. ಆ ಹುಡುಗ ತನ್ನ ಡೇಟಾ ಶೀಟ್ ಕೇಳಿದ್ದಾನೆ, ಸೂಪರ್‌ವೈಸರ್ "ಸೋಮವಾರ ಕೊಡ್ತೀನಿ" ಎಂದಿದ್ದಾರಂತೆ.